ಬೀಗಿತ್ತಿಯ ಮೂತ್ರಪಿಂಡ

ಮೊಮ್ಮಗಳಿಗೆ ಹನ್ನೆರಡು ತುಂಬುವ ಹೊತ್ತಿಗೆ ಅವಳ ಎರಡೂ ಮೂತ್ರಪಿಂಡಗಳು ಸೋಲುವ ಹಂತಕ್ಕೆ ಬಂದಿದ್ದವು. ಬೇರೊಂದನ್ನು ಯಾರಾದರೂ ಕೊಡಬೇಕಾಗಿತ್ತು. ಕೊಡುವವನು ನಾನೇ ಎಂದು ಮನೆಯಲ್ಲಿ ತಿಳಿಸಿ, ಈ ವಿಷಯದಲ್ಲಿ ಚರ್ಚೆ ಬೇಡವೆಂದೂ ಹೇಳಿದ್ದೆ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಸಕ್ಕರೆ ಕಾಯಿಲೆಯಿಲ್ಲ, ರಕ್ತದೊತ್ತಡವಿಲ್ಲ, ನಾಲಿಗೆಯ ಚಪಲವಿಲ್ಲ.

ಎಳವೆಯಲ್ಲಿ ಪೆನ್ಸಿಲ್ ಹಿಡಿದಾಗ ಅವಳ ಬೆರಳುಗಳು ಸೆಟೆದುಕೊಳ್ಳುತ್ತಿದ್ದವು. ರಕ್ತದಲ್ಲಿ ಮೆಗ್ನೀಸಿಯಂ ನಿಲ್ಲುತ್ತಿಲ್ಲವೆಂದು ಬಹಳ ತಡವಾಗಿ ಗೊತ್ತಾಯಿತು. ಏಕೆ ನಿಲ್ಲುತ್ತಿಲ್ಲವೆಂಬುದನ್ನು ವೈದ್ಯೆ ಒಂದು ಹಾಳೆಯ ಮೇಲೆ ಗೆರೆ ಎಳೆದು ವಿವರಿಸಿದಳು.

"ಜೀವಕೋಶಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ ಮೇಷ್ಟ್ರೇ. ನಡುವಿನ ಸಂದು ಬಿಗಿಯೋಕೆ ಪ್ರೋಟೀನುಗಳಿವೆ. ಕ್ಲಾಡಿನ್ ಅಂತ ಅದರಲ್ಲೊಂದು ದೊಡ್ಡ ಕುಟುಂಬ, ಅಣ್ಣತಮ್ಮಂದಿರಿಗೆಲ್ಲ ನಂಬರು. ಒಬ್ಬ ಚರ್ಮದಲ್ಲಿ ನೀರು ಸೋರದ ಹಾಗೆ ನೋಡ್ಕೋತಾನೆ, ಒಬ್ಬ ಮಿದುಳಿನ ರಕ್ತನಾಳ ಕಾಯ್ತಾನೆ, ಒಬ್ಬ ಕಿವಿಯೊಳಗಿದ್ದಾನೆ. ಅವನು ಕೈಕೊಟ್ರೆ ಕಿವುಡು."

"ಅಂದರೆ ಇವಳಲ್ಲಿ ಸಂದು ಸಡಿಲವಾಗಿದೆ," ಎಂದೆ.

"ಉಲ್ಟಾ! ಇವಳಲ್ಲಿ ಕೆಟ್ಟಿರೋನು ಹದಿನಾರನೆಯವನು. ಅವನ ಕೆಲಸ ಮುಚ್ಚೋದಲ್ಲ, ಸಣ್ಣ ದಾರಿ ಬಿಡೋದು. ಮೂತ್ರದ ಕಡೆ ಹೋದ ಮೆಗ್ನೀಸಿಯಂ, ಕ್ಯಾಲ್ಸಿಯಂ ಆ ದಾರಿಯಲ್ಲೇ ರಕ್ತಕ್ಕೆ ವಾಪಸ್ಸು ಬರ್ಬೇಕು. ಇವಳಿಗೆ ಆ ದಾರಿಯೇ ಇಲ್ಲ. ಎಲ್ಲಾ ಹೊರಗೆ ಹೋಗುತ್ತೆ, ಕ್ಯಾಲ್ಸಿಯಂ ಕಿಡ್ನಿಯಲ್ಲೇ ಗಟ್ಟಿಯಾಗಿ ಕೂರುತ್ತೆ."

ಬಿಗಿಯಾದದ್ದೆಲ್ಲ ಒಳ್ಳೆಯದೆಂದು ಬಾಳಿದವನಿಗೆ ಈ ಮಾತು ಸುಲಭವಾಗಿ ಗಂಟಲಲ್ಲಿ ಇಳಿಯಲಿಲ್ಲ.

ಆ ಪ್ರೋಟೀನನ್ನು ರೂಪಿಸುವ ವಂಶವಾಹಿಯ ಕೆಟ್ಟ ಪ್ರತಿ ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದರೆ ಮಾತ್ರ ಈ ರೋಗ. ಆದ್ದರಿಂದ ಮಗಳೂ ಅಳಿಯನೂ ದಾನಿಗಳಾಗುವಂತಿರಲಿಲ್ಲ. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. ಉಳಿದವನು ನಾನು. ನನ್ನ ವರದಿ ಬಂದ ದಿನ ವೈದ್ಯೆ ಕುರ್ಚಿ ತೋರಿಸಿ ಕೂರಲು ಹೇಳಿದಳು. ಮಗಳಿಗೆ ಕೆಟ್ಟ ಪ್ರತಿ ಹೋದದ್ದು ನನ್ನಿಂದಲೇ. ನನ್ನ ಮೂತ್ರಪಿಂಡದಲ್ಲೂ ಸಣ್ಣ ಕಲ್ಲುಗಳು ಕಂಡಿದ್ದವು. ನಾನು ಅನರ್ಹ.

ಇನ್ನು ಇದ್ದವಳು ಬೀಗಿತ್ತಿ, ಅಳಿಯನ ತಾಯಿ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ನಡೆಸುವ ವಿಧವೆ. ಅವಳು ನಕ್ಕರೆ ಬೀದಿಯ ಆ ತುದಿಗೆ ಕೇಳುತ್ತದೆ. ಕೈ ಧಾರಾಳ, ಬಾಯಿ ಇನ್ನೂ ಧಾರಾಳ. ದುಂದುಗಾರ್ತಿ ಎಂದು ನಾನು ಮನೆಯಲ್ಲಿ ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು. ಮಕ್ಕಳ ಮದುವೆಯಾದಂದಿನಿಂದ ನಮ್ಮಿಬ್ಬರ ನಡುವೆ ಅಗತ್ಯಕ್ಕಿಂತ ಹೆಚ್ಚು ಮಾತು ನಡೆದಿರಲಿಲ್ಲ. ಅವಳ ರಕ್ತದ ಗುಂಪು ಹೊಂದಿತು. ಕೆಟ್ಟ ಪ್ರತಿ ಅವಳಲ್ಲಿರಲಿಲ್ಲ. ಆದರೆ ಹತ್ತು ಕಿಲೋ ತೂಕ ಇಳಿಯದೆ, ರಕ್ತದೊತ್ತಡ ಹತೋಟಿಗೆ ಬಾರದೆ ಶಸ್ತ್ರಚಿಕಿತ್ಸೆ ಮಾಡುವುದಿಲ್ಲವೆಂದು ವೈದ್ಯೆ ಖಂಡಿತವಾಗಿ ಹೇಳಿದಳು. ತಡವಾದರೆ ಹುಡುಗಿಯನ್ನು ಡಯಾಲಿಸಿಸ್ ಯಂತ್ರಕ್ಕೆ ಜೋಡಿಸಬೇಕಾಗುತ್ತಿತ್ತು.

"ಇಳಿಸೋಣ ಬಿಡಿ, ಅದೇನ್ ಮಹಾ," ಎಂದು ಬೀಗಿತ್ತಿ ಬಿಸ್ಕತ್ತಿನ ಪುಡಿಯನ್ನು ಸೆರಗಿನಿಂದ ಕೊಡವಿಕೊಂಡಳು.

ಮರುದಿನ ಬೆಳಿಗ್ಗೆ ಅವಳ ಅಂಗಡಿಯ ಮುಂದೆ ನಿಂತೆ. ಒಳಗೆ ಇಸ್ತ್ರಿಯ ಹಬೆ ಕವಿದಿತ್ತು.

"ಏನ್ ಬೀಗರೇ, ಬಟ್ಟೆ ತಂದ್ರಾ?"

"ಇಲ್ಲ. ನೀವು ನಡೀಬೇಕು. ಜೊತೆಗೆ ಬರ್ತೀನಿ."

"ಅಯ್ಯೋ ದೇವರೇ, ಕಾವಲಿಗೆ ಬಂದ್ರು! ಲೇ ಹುಡುಗೀರಾ, ಇಸ್ತ್ರಿ ನೋಡ್ಕೊಳ್ರೇ, ನನ್ನನ್ನ ಜೈಲಿಗೆ ಕರ್ಕೊಂಡು ಹೋಗ್ತಿದ್ದಾರೆ!"

ಹೀಗೆ ಪ್ರತಿದಿನ ಕಾಲುವೆಯ ದಂಡೆಯ ಮೇಲೆ ನಡೆದೆವು. ನಾನು ಮುಂದೆ; ಅವಳು ಏದುಸಿರು ಬಿಡುತ್ತ ಹಿಂದೆ. ಆರಂಭದಲ್ಲಿ ತೂಕ ಇಳಿಯಿತು. ಆಮೇಲೆ ಜಪ್ಪಯ್ಯ ಎಂದರೂ ಕದಲಲಿಲ್ಲ. ಒಂದು ಬೆಳಿಗ್ಗೆ ನನ್ನ ತಾಳ್ಮೆ ತಪ್ಪಿತು.

"ಒಂದು ಮಗುವಿನ ಪ್ರಾಣದ ಪ್ರಶ್ನೆ ಇದು. ಬಾಯಿಗೆ ಬೀಗ ಹಾಕೋಕೆ ಅಷ್ಟು ಕಷ್ಟವಾ ನಿಮಗೆ?"

ಅವಳು ಕಲ್ಲುಬೆಂಚಿನ ಮೇಲೆ ಕುಳಿತಳು.

"ಭಯ ಆಗುತ್ತೆ ಬೀಗರೇ," ಎಂದಳು. "ಕೊಡಲ್ಲ ಅಂತಿಲ್ಲ. ಆ ಕಡ್ಡಿಯಂಥ ಹುಡುಗಿಗೆ ನಾನಲ್ದೆ ಇನ್ಯಾರು ಕೊಡ್ತಾರೆ? ಆದ್ರೆ ರಾತ್ರಿ ಮಲಗಿದ್ರೆ ಕತ್ತರಿ, ಚಾಕು ಎಲ್ಲಾ ಕಣ್ಣಮುಂದೆ ಬರುತ್ತೆ. ಎದ್ದು ಏನಾದ್ರೂ ತಿಂತೀನಿ. ತಿಂದ್ರೆ ಸ್ವಲ್ಪ ಹೊತ್ತು ಭಯ ಹೋಗುತ್ತೆ."

ನಾನೂ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತೆ.

"ನನಗೂ ಆಗಿತ್ತು," ಎಂದೆ. "ಕೊಡ್ತೀನಿ ಅಂತ ಜಂಬವಾಗಿ ಹೇಳಿ ಬಂದು ರಾತ್ರಿಯೆಲ್ಲ ಬೆವೆತೆ. ಆಗಲ್ಲ ಅಂತ ಡಾಕ್ಟರು ಹೇಳಿದಾಗ ಅಳು ಬಂತು. ಜೊತೆಗೆ ಒಂದು ಚೂರು ನೆಮ್ಮದಿನೂ ಆಯ್ತು."

ಹೆಂಡತಿಗೂ ಹೇಳದಿದ್ದ ಮಾತು ಅದು. ಬೀಗಿತ್ತಿ ನನ್ನನ್ನು ದಿಟ್ಟಿಸಿ ನೋಡಿದಳು. ಮರುಕ್ಷಣ ನಕ್ಕ ರಭಸಕ್ಕೆ ಕಾಲುವೆಯ ಕೊಕ್ಕರೆ ಹಾರಿಹೋಯಿತು.

"ನಿಮಗೂ ಭಯವಾ! ಇದನ್ನ ಮೊದಲೇ ಹೇಳೋದಲ್ವಾ ಮಾರಾಯರೇ! ನನಗೊಬ್ಬಳಿಗೇ ಏನೋ ಆಗಿದೆ ಅಂದ್ಕೊಂಡಿದ್ದೆ."

ಅಂದಿನಿಂದ ನಾವು ಅಕ್ಕಪಕ್ಕ ನಡೆದೆವು. ರಾತ್ರಿ ಭಯವಾದಾಗ ಅವಳು ಅಡುಗೆಮನೆಗೆ ಹೋಗುವ ಬದಲು ನನಗೆ ಫೋನ್ ಮಾಡುತ್ತಿದ್ದಳು. ಮಾತನಾಡುವವಳು ಅವಳು, ಹೂಂಗುಟ್ಟುವವನು ನಾನು. ತೂಕದ ಮುಳ್ಳು ಮತ್ತೆ ಕೆಳಗಿಳಿಯಿತು; ವೈದ್ಯೆ ಒಪ್ಪಿದಳು.

ಶಸ್ತ್ರಚಿಕಿತ್ಸೆಯಾದ ಮೇಲೆ ಒಂದು ಪ್ರಶ್ನೆ ಉಳಿದಿತ್ತು. ಇಷ್ಟು ವರ್ಷ ದಿನವೂ ನುಂಗಿಸುತ್ತಿದ್ದ ಮೆಗ್ನೀಸಿಯಂ ಪುಡಿಯನ್ನು ನಿಲ್ಲಿಸಿದರೆ, ರಕ್ತದಲ್ಲಿ ಅದು ನಿಲ್ಲುವುದೇ? ಪುಡಿ ನಿಲ್ಲಿಸಿ ಕಾದೆವು. ಬೀಗಿತ್ತಿಯನ್ನು ಗಾಲಿಕುರ್ಚಿಯಲ್ಲಿ ಮೊಮ್ಮಗಳ ಹಾಸಿಗೆಯ ಬಳಿಗೆ ತಂದಿದ್ದ ಮಧ್ಯಾಹ್ನ ವೈದ್ಯೆ ಬಂದು ಹೇಳಿದಳು: "ನಿಂತಿದೆ. ಎಷ್ಟಿರಬೇಕೋ ಅಷ್ಟೇ ಇದೆ. ಹೊಸ ಕಿಡ್ನಿ ಎಲ್ಲವನ್ನೂ ವಾಪಸ್ಸು ತಗೋತಿದೆ."

ಮಗಳು ಮುಖ ಮುಚ್ಚಿಕೊಂಡು ಅತ್ತಳು. ಅಳಿಯ ಗೋಡೆಗೆ ಒರಗಿದ.

"ಕೇಳಿದ್ರಾ ಮೇಷ್ಟ್ರೇ?" ಎಂದಳು ಬೀಗಿತ್ತಿ. ಧ್ವನಿ ಸಣ್ಣದಾಗಿತ್ತು, ಕೊಂಕು ಹಾಗೆಯೇ ಇತ್ತು. "ನನ್ನ ಕಿಡ್ನಿ ಒಂದು ಚೂರೂ ಪೋಲು ಮಾಡಲ್ವಂತೆ. ನನ್ನನ್ನ ದುಂದುಗಾರ್ತಿ ಅಂತಿದ್ರಲ್ಲ!"

ಹೇಳಬೇಕಾದ ಕೃತಜ್ಞತೆಯ ಮಾತನ್ನು ನಾನು ಮೊದಲೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ.

"ನಿಮ್ಮ ಋಣ..." ಎಂದು ತೊಡಗಿದೆ.

"ತೀರಿಸೋಕೆ ಬರ್ಬೇಡಿ ಸದ್ಯ! ನೀವು ಲೆಕ್ಕ ಹಿಡ್ಕೊಂಡು ಕೂತ್ರೆ ನಾನು ಸತ್ತೇ ಹೋಗ್ತೀನಿ."

"ತಾತಾ, ಅಜ್ಜೀನ ಮಾತಾಡಿಸ್ಬೇಡ," ಎಂದು ಹಾಸಿಗೆಯಲ್ಲಿದ್ದವಳು ಹೊಟ್ಟೆ ಹಿಡಿದುಕೊಂಡಳು. "ನಕ್ಕರೆ ಹೊಲಿಗೆ ನೋಯುತ್ತೆ."

ಭೇಟಿಯ ಹೊತ್ತು ಮುಗಿಯಿತೆಂದು ದಾದಿ ಬಂದು ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದಳು. ನಿಯಮ ಮೀರಿದವನಲ್ಲ ನಾನು. ಆದರೂ ಏಳಲಿಲ್ಲ.