ಅಕ್ಕನ ಹೆಸರಿನ ಹೆಣಿಗೆ

ಹಿತ್ತಾಳೆ ಚೊಂಬಿನೊಳಗೆ ಬಿಳಿ ನೂಲಿನ ಉಂಡೆ ಸುತ್ತುತ್ತಿತ್ತು. ನೆಲದ ಮೇಲಿಟ್ಟರೆ ಉರುಳಿ ಕೊಳೆಯಾಗುತ್ತದೆಂದು ನಾನೇ ಕಂಡುಕೊಂಡ ಉಪಾಯ ಅದು. ಕ್ರೋಶಾ ಕಡ್ಡಿಯಿಂದ ಕುಣಿಕೆ ಎಳೆದಾಗಲೆಲ್ಲ ಉಂಡೆ ಚೊಂಬಿನ ಮೈಗೆ ತಾಗಿ ಮೆತ್ತಗೆ ಸದ್ದು ಮಾಡುತ್ತಿತ್ತು. ಹದಿನೈದರ ವಯಸ್ಸಿನಲ್ಲಿ ಆ ಸದ್ದಿಗೆ ಕಿವಿಕೊಟ್ಟು ಕೂತರೆ ಅಮ್ಮ ಊಟಕ್ಕೆ ಕರೆದದ್ದೂ ನನಗೆ ಕೇಳಿಸುತ್ತಿರಲಿಲ್ಲ. ಇಪ್ಪತ್ತೇಳರ ಹೊತ್ತಿಗೆ ಅದೇ ಸದ್ದು ಶುರುವಾದರೆ ಕತ್ತು ತಾನಾಗಿ ನೋಯತೊಡಗುತ್ತಿತ್ತು.

ಕ್ರೋಶಾ ಹಾಕುವುದನ್ನು ನನಗೆ ಕಲಿಸಿದವರು ಪಕ್ಕದ ಮನೆಯ ಹೊಲಿಗೆ ಟೀಚರ್ ಎಸ್ತರ್. ಮೊದಲು ಲೋಟಕ್ಕೆ ಮುಚ್ಚುವ ಜಾಲರಿ, ಆಮೇಲೆ ದಿಂಬಿನ ಅಂಚು, ಆಮೇಲೆ ಒಂದು ಟೇಬಲ್ ಕ್ಲಾತ್. ಯಾರೂ ಹೇಳಿ ಮಾಡಿಸಿದ್ದಲ್ಲ. ಸಂಜೆ ಶಾಲೆಯಿಂದ ಬಂದು ಜಗಲಿಯ ಮೇಲೆ ಕೂತು, ನನ್ನ ಸಂತೋಷಕ್ಕೆ ನಾನೇ ಹಾಕಿದ್ದು.

ಅಕ್ಕ ಮಂದಾಕಿನಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅಮ್ಮ ಆ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದಳು. ಹುಡುಗನ ತಾಯಿ ತುಂಗಮ್ಮನವರು ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಯಾರು ಹಾಕಿದ್ದೆಂದು ಕೇಳಿದರು. ಅಪ್ಪ ತೀರಿಹೋಗಿದ್ದ ಮನೆ. ಕೈತಪ್ಪಿದ್ದ ಸಂಬಂಧಗಳು ಆಗಲೇ ಮೂರು. ಅಮ್ಮ ಒಂದು ಕ್ಷಣವೂ ತಡೆಯದೆ, "ನಮ್ಮ ಮಂದಾಕಿನೀನೇ" ಎಂದುಬಿಟ್ಟಳು. ಸೂಜಿಗೆ ದಾರ ಪೋಣಿಸಲೂ ಬಾರದ ಅಕ್ಕ ತಲೆ ತಗ್ಗಿಸಿದಳು. ಬಂದವರು ಅದನ್ನು ನಾಚಿಕೆಯೆಂದು ತಿಳಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೂ ಆಗ ತಮಾಷೆಯೆನಿಸಿತ್ತು.

ಮದುವೆಯಾಗಿ ವರ್ಷ ತುಂಬುವ ಮೊದಲೇ ತುಂಗಮ್ಮನವರ ಮೊದಲ ಬೇಡಿಕೆ ಬಂತು. ರೇಡಿಯೋಗೆ ಒಂದು ಹೊದಿಕೆ ಬೇಕಂತೆ. ಒಳ್ಳೆಯ ನೂಲು ತವರೂರಿನಲ್ಲೇ ಸಿಗುವುದು, ಅಲ್ಲೇ ಕೂತು ಹಾಕಿಕೊಂಡು ಬಾ ಎಂದು ಸೊಸೆಯನ್ನು ಕಳಿಸಿದ್ದರು. ಅಕ್ಕ ಹತ್ತು ದಿನ ಇದ್ದಳು. ಹಗಲೆಲ್ಲ ಮಲಗಿದಳು, ಲೈಬ್ರರಿಯಿಂದ ಪುಸ್ತಕ ತಂದು ಓದಿದಳು, ಅಮ್ಮನ ಕೈಯಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಂಡಳು. ನಾನು ಹೊದಿಕೆ ಹಾಕಿದೆ. ಅದು ಅಲ್ಲಿಗೆ ನಿಲ್ಲಲಿಲ್ಲ. ಪ್ರತಿ ವರ್ಷ ಎರಡು ಸಲ, ಕೆಲವೊಮ್ಮೆ ಮೂರು ಸಲ, ಅಕ್ಕ ಒಂದು ಬೇಡಿಕೆ ಹೊತ್ತು ಬಂದಳು. ದೇವರ ಮನೆಯ ಬಾಗಿಲಿಗೆ ತೋರಣ, ನಾದಿನಿಯ ದಾವಣಿಗೆ ಅಂಚು, ಕುರ್ಚಿಗಳ ಬೆನ್ನಿಗೆ ಹಾಕುವ ಬಟ್ಟೆ. ಎಲ್ಲವೂ ಬಿಳಿ. ನನಗೋ ನೀಲಿ, ಕೆಂಪು ಉಣ್ಣೆಯಲ್ಲಿ ಏನಾದರೂ ಮಾಡುವ ಆಸೆ, ಕೈ ಬಿಡುವಾಗುತ್ತಿರಲಿಲ್ಲ.

ಅಷ್ಟರಲ್ಲಿ ನಾನು ಶಾಲೆಯೊಂದರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ದಿನವಿಡೀ ಟೈಪು ಮಾಡಿದ ಬೆರಳುಗಳೇ ಸಂಜೆ ಕಡ್ಡಿ ಹಿಡಿಯಬೇಕಿತ್ತು. ಕನ್ನಡಕ ಬಂತು. ಒಮ್ಮೆ ನನ್ನನ್ನು ನೋಡಲು ಬಂದವರೂ ಮೇಜಿನ ಬಟ್ಟೆಯನ್ನು ಮೆಚ್ಚಿ ಅದೇ ಪ್ರಶ್ನೆ ಕೇಳಿದರು. ಅವರು ತುಂಗಮ್ಮನವರ ಕಡೆಯ ನೆಂಟರು. ಅಮ್ಮ ನನ್ನ ಮುಖ ನೋಡದೆ, "ದೊಡ್ಡ ಮಗಳು ಹಾಕಿದ್ದು" ಎಂದಳು. ನನ್ನ ಕೈಗೆಲಸ ಏನೆಂದು ಕೇಳಿದಾಗ ನಾನು ಏನೂ ಇಲ್ಲವೆಂದೆ. ಆ ಸಂಬಂಧ ಕೂಡಿ ಬರಲಿಲ್ಲ. ಅದಕ್ಕೇ ತಪ್ಪಿತೆಂದು ಹೇಳಲಾರೆ. ಆದರೆ ಆ ದಿನದಿಂದ ನನ್ನೊಳಗೆ ಏನೋ ಸೋತು ಕೂತಿತು.

ಹನ್ನೆರಡನೆಯ ವರ್ಷ ಅಕ್ಕ ತಂದದ್ದು ಎಲ್ಲಕ್ಕಿಂತ ದೊಡ್ಡ ಬೇಡಿಕೆ. ನಾದಿನಿಯ ಮದುವೆ ಗೊತ್ತಾಗಿತ್ತು. ಡಬಲ್ ಮಂಚಕ್ಕೆ ಆಗುವಷ್ಟು ದೊಡ್ಡ ಹೊದಿಕೆ ಬೇಕು. ಅವಳು ಬರುವಾಗ ನಮ್ಮೂರ ಪೇಟೆಯಲ್ಲೇ ಕೊಂಡಿದ್ದ ನೂಲಿನ ಉಂಡೆಗಳನ್ನು ಚೀಲದಿಂದ ತೆಗೆದು ಚಾಪೆಯ ಮೇಲಿಡುತ್ತಿದ್ದಂತೆ ನನಗೆ ಅಳು ಬಂತು.

"ನನಗೆ ಸಾಕಾಗಿದೆ ಅಕ್ಕ," ಎಂದೆ. "ಈ ಸಲ ಆಗಲ್ಲ. ಹೋಗಿ ನಿಜ ಹೇಳಿಬಿಡು."

ಅಕ್ಕ ಬೇಡಿಕೊಳ್ಳಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು, ಅಷ್ಟೆ. ಎರಡು ದಿನ ಇದ್ದು, ಮೈ ಸರಿಯಿಲ್ಲದ್ದರಿಂದ ಕೆಲಸ ಆಗಲಿಲ್ಲವೆಂದು ಅಲ್ಲಿ ಹೇಳುವುದಾಗಿ ತಿಳಿಸಿ ಹೊರಟುಹೋದಳು. ನೂಲನ್ನು ಮಾತ್ರ ಬಿಟ್ಟು ಹೋದಳು. ಅವಳು ಹೋದ ವಾರಕ್ಕೆ ನಾನು ಚೊಂಬು ತೆಗೆದೆ. ಅವಳ ಮೇಲಿನ ಪ್ರೀತಿಯಿಂದ ಎಂದರೆ ಸುಳ್ಳಾದೀತು. ಹಾಕದೆ ಕೂತಿರುವುದು ಹಾಕುವುದಕ್ಕಿಂತ ಹೆಚ್ಚು ದಣಿವು ತರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಲಗ್ನಪತ್ರಿಕೆ ಕೊಡುವ ನೆಪದಲ್ಲಿ ತುಂಗಮ್ಮನವರು ಒಬ್ಬರೇ ಬಂದರು. ಅಮ್ಮ ಕಾಫಿಗೆಂದು ಒಳಗೆ ಹೋದಳು. ಜಗಲಿಯಲ್ಲಿ ಉಂಡೆ ಇನ್ನೂ ಚೊಂಬಿನೊಳಗೆ ಸಣ್ಣಗೆ ಸುತ್ತುತ್ತಿತ್ತು. ನಾನು ಕೈಯಲ್ಲಿದ್ದದ್ದನ್ನು ಸೆರಗಿನಡಿ ಎಳೆದುಕೊಂಡೆ.

"ಮುಚ್ಚಿಡಬೇಡ ಕಣಮ್ಮ," ಎಂದು ಅವರು ನನ್ನ ಪಕ್ಕದಲ್ಲೇ ಕೂತರು. "ಮದುವೆಯಾದ ಹೊಸದರಲ್ಲೇ ನನಗೆ ಗೊತ್ತಾಯ್ತು. ಒಂದಿನ ಕಡ್ಡಿ ಅವಳ ಕೈಗೆ ಕೊಟ್ಟು ನೋಡಿದೆ. ಸಾರಿನ ಸೌಟು ಹಿಡಿದ ಹಾಗೆ ಹಿಡಕೊಂಡಳು."

"ಗೊತ್ತಿದ್ದೂ ಯಾಕೆ ಕೇಳ್ತಾ ಬಂದ್ರಿ?" ಎಂದೆ.

"ನಮ್ಮ ಯಜಮಾನರು ಸೊಸೇನ ಸುಮ್ಮನೆ ತವರಿಗೆ ಕಳಿಸೋ ಪೈಕಿ ಅಲ್ಲ. ಕೆಲಸ ಇದೆ ಅಂದ್ರೆ ಮಾತ್ರ ಹ್ಞೂಂ ಅಂತಾರೆ. ನಾನು ಸೊಸೆಯಾಗಿ ಬಂದಾಗ ನನಗೆ ಅಂಥ ನೆಪ ಹುಡುಕಿ ಕೊಡೋರು ಇರಲಿಲ್ಲ. ಒಂಬತ್ತು ವರ್ಷ ನಮ್ಮಮ್ಮನ ಮುಖ ನೋಡಲಿಲ್ಲ ನಾನು."

ಅವರ ಮೇಲೆ ಕರುಣೆ ಹುಟ್ಟಬೇಕಿತ್ತು. ಹುಟ್ಟಿತು ಕೂಡ, ಆದರೆ ತಡವಾಗಿ. ಮೊದಲು ಬಾಯಿಗೆ ಬಂದದ್ದು ಬೇರೆಯೇ ಮಾತು. "ನನ್ನನ್ನ ಒಂದು ಮಾತು ಕೇಳಬಹುದಿತ್ತು."

ತುಂಗಮ್ಮನವರು ನನ್ನ ಬೆರಳುಗಳನ್ನು ನೋಡಿದರು. "ಕೇಳಬೇಕಿತ್ತು," ಎಂದರು. "ಈ ಕೈಗೂ ದಣಿವಾಗುತ್ತೆ ಅಂತ ನನಗೆ ಹೊಳೀಲೇ ಇಲ್ಲ."

ಆ ಹೊದಿಕೆಯನ್ನು ಅಲ್ಲಿಗೇ ಬಿಟ್ಟುಬಿಡಲು ಹೇಳಿದರು. ಇನ್ನು ಮುಂದೆ ಬೀಗಿತ್ತಿಗೆ ಮಂಡಿನೋವೆಂದು ಹೇಳಿ ಸೊಸೆಯನ್ನು ಕಳಿಸುತ್ತಾರಂತೆ. ಅಮ್ಮ ಮಂಡಿ ಹಿಡಿದು ಎದ್ದದ್ದನ್ನು ಕಂಡಿದ್ದರಿಂದ ಅದರಲ್ಲಿ ಸುಳ್ಳೂ ಇಲ್ಲವೆಂದರು. ಹನ್ನೆರಡು ವರ್ಷ ಸಿಕ್ಕಿಬೀಳುವ ಭಯದಲ್ಲೇ ಬದುಕಿದ್ದ ಅಕ್ಕನಿಗೆ ವಿಷಯವನ್ನು ತಾವೇ ತಿಳಿಸುವುದಾಗಿಯೂ ಒಪ್ಪಿಕೊಂಡರು.

ಮದುವೆ ಮುಗಿದ ಮುಂದಿನ ತಿಂಗಳು ಅಕ್ಕ ಬಂದಳು. ಅವಳ ಚೀಲದಲ್ಲಿ ಎರಡು ಸೀರೆ, ಒಂದು ಡಜನ್ ಕಿತ್ತಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಅತ್ತೆ ಎಲ್ಲ ಹೇಳಿದರೆಂದಳು. ಊಟವಾದ ಮೇಲೆ ಇಬ್ಬರೂ ಜಗಲಿಯ ಮೇಲೆ ಕೂತೆವು. ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ನನಗೆ ತಿಳಿಯದೆ, ಅವು ಮಡಿಲಲ್ಲಿ ಅಂಗಾತ ಬಿದ್ದಿದ್ದವು. ಅಕ್ಕ ಒಂದು ಕಿತ್ತಳೆ ಸುಲಿದಳು. ತೊಳೆಗಳ ಮೇಲಿನ ಬಿಳಿ ನಾರನ್ನು ನಿಧಾನವಾಗಿ ತೆಗೆಯುತ್ತ, ಒಂದೊಂದೇ ತೊಳೆಯನ್ನು ನನ್ನ ತೆರೆದ ಅಂಗೈಯಲ್ಲಿ ಇಡುತ್ತ ಹೋದಳು.