ಮಣ್ಣಿಗೆ ಬಿಟ್ಟ ಹಾಲು

ಗುಂಡಮ್ಮ ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಖಾರ ಅರೆಯುವ ಗುಂಡುಕಲ್ಲನ್ನು ಎತ್ತಿಟ್ಟಳು. ಒಳಗಿದ್ದ ಎರಡು ಬೆಕ್ಕಿನ ಮರಿಗಳು ಒಮ್ಮೆ ಕುಂಯ್ಗುಟ್ಟಿ ಸುಮ್ಮನಾದವು.

"ಬೆಕ್ಕು ಹೆಣಾ ದಾಟಿದ್ರ ಮನಿಗೆ ಛಲೋ ಅಲ್ಲ. ಮಣ್ಣಾಗೋತನಕ ಇದನ್ನ ಯಾರೂ ಎತ್ತಬ್ಯಾಡ್ರಿ," ಎಂದಳು.

ಸೊಸೆ ಪುತಳಾಬಾಯಿ ಬುಟ್ಟಿಯನ್ನೇ ನೋಡುತ್ತ ನಿಂತಿದ್ದಳು. ನಾಲ್ಕು ಹೆಜ್ಜೆ ಇಟ್ಟರೆ ಹೊಟ್ಟೆಯ ಮೇಲೆ ಕುಸಿಯುವ ಮರಿಗಳು ಅವು. ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದ ಮಾವನ ಅಕ್ಕ ಮಾನಮ್ಮನ ಹೆಣವನ್ನು ಅವು ಹೇಗೆ ದಾಟುತ್ತವೆ ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ.

"ಅತ್ತಿ, ನಿನ್ನಿ ಸಂಜಿಯಿಂದ ಅವು ಏನೂ ಕುಡದಿಲ್ರಿ. ಒಂದು ಚಮಚೆ ಹಾಲು..."

"ಯಾವ ಹಾಲು? ಅಲಮಾರಿಯೊಳಗ ಇರೋದು ಮಣ್ಣಿಗೆ ಬಿಡೋ ಹಾಲು. ಎಂಜಲ ಮಾಡ್ತೀಯೇನು?"

ಸತ್ತವರ ಮಣ್ಣಿನ ಮೇಲೆ ಹಾಲು ತುಪ್ಪ ಬಿಡುವುದು ಮೂರನೆಯ ದಿನದ ಪದ್ಧತಿ. ಆದರೆ ಕಮಲಾಪುರದಿಂದ ಬಂದ ನಿಂಗಣ್ಣ, ದಾರಿಯಲ್ಲಿ ದಂಡಿನವರು ನಿಲ್ಲಿಸಿ ನಿಲ್ಲಿಸಿ ಕೇಳುತ್ತಾರೆ, ಮತ್ತೊಮ್ಮೆ ಬರಲಾಗದು, ಎಲ್ಲವನ್ನೂ ಇವತ್ತೇ ಮುಗಿಸಿಬಿಡಿ ಎಂದಿದ್ದ. ಹಾಗಾಗಿ ಬೆಳಗಿನ ಎಮ್ಮೆ ಹಾಲಷ್ಟೂ ಮಣ್ಣಿಗೆ ಮೀಸಲಾಗಿತ್ತು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ಒಂದು ಗುಟುಕು ಗಂಜಿಗೂ ದಾರಿಯಿರಲಿಲ್ಲ.

ನಿಂಗಣ್ಣ ಮಾನಮ್ಮನ ಗಂಡನ ತಮ್ಮ. ಹಾಗೆಂದು ಈ ಓಣಿಯಲ್ಲಿ ಅನೇಕರಿಗೆ ಗೊತ್ತಾದದ್ದೇ ಇವತ್ತು. ಕಮಲಾಪುರಕ್ಕೆ ಕೊಟ್ಟ ಮಾನಮ್ಮ ಮೈನೆರೆಯುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಆಮೇಲೆ ಶಹಾಬಜಾರದ ಈ ಮನೆಯಲ್ಲಿ ರೊಟ್ಟಿ ಬಡಿದಳು, ಎಲ್ಲರಿಗೂ ನೀಡಿದಳು, ಉಳಿದರೆ ಉಂಡಳು. ಅವಳ ಬಾಳನ್ನು ಹೇಳಲು ಇದಕ್ಕಿಂತ ಹೆಚ್ಚು ಮಾತು ಬೇಕಾಗಿಲ್ಲ.

ನಿಂಗಣ್ಣ ಒಂದು ಗೊನೆ ಕೆಂಪು ಬಾಳೆಹಣ್ಣು ತಂದು ಹೆಣದ ಮುಂದೆ ಇಟ್ಟ.

"ನಮ್ಮ ತ್ವಾಟದ ಹಣ್ಣರಿ. ವೈನಿಗೆ ಈ ಹಣ್ಣಂದ್ರ ಭಾಳ ಜೀವ ಇತ್ತಂತ, ನಮ್ಮವ್ವ ಹೇಳ್ತಿದ್ಲು."

"ಹೌದ್ರಿ, ಭಾಳ ಜೀವ," ಎಂದ ಮಾನಮ್ಮನ ತಮ್ಮ ಮಹಾದೇವಪ್ಪ, ಕಣ್ಣೊರೆಸಿಕೊಳ್ಳುತ್ತ. ಇಷ್ಟು ವರ್ಷಗಳಲ್ಲಿ ಆ ತೋಟದ ಒಂದು ಹಣ್ಣಾದರೂ ಈ ಮನೆಯ ಹೊಸ್ತಿಲು ದಾಟಿ ಬಂದಿರಲಿಲ್ಲ. ಜೀವವಿದ್ದಾಗ ಬಾರದ ಹಣ್ಣು ಜೀವ ಹೋದ ಮೇಲೆ ಗೊನೆಗಟ್ಟಲೆ ಬಂತು.

ನೆರೆದ ಹೆಂಗಸರು ಜಡ್ಡು ಏನಾಗಿತ್ತು ಎಂದು ಕೇಳಿದರು. ಗುಂಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಜ್ವರಾ ಬಿಡಲಿಲ್ರಿ. ಹಕೀಮ ಹಾಲು ಕುಡಸ್ರಿ, ಮೈಯಾಗ ಕಸುವಿಲ್ಲ ಅಂದ. ದಿನಾ ಕಾಸಿ ಕೊಟ್ಟೀನಿ. ಆಕಿ ಕುಡದ್ರ ಹೌದಲ್ಲ? ಎಲ್ಲಾ ಆ ಬೆಕ್ಕಿನ ಮರಿ ಬಾಯಿಗೆ. ಅವೇ ಆಕೀನ್ನ ತಿಂದ್ವು ನೋಡ್ರಿ."

"ಅಯ್ಯ ನನ ತಾಯಿ! ನೀ ಮಾಡಿದಂಗ ಯಾವ ತಮ್ಮನ ಹೇಣ್ತಿ ಮಾಡ್ತಾಳ?" ಎಂದಳು ಒಬ್ಬಳು.

ಲೋಟ ಒಯ್ದು ಕೊಡುತ್ತಿದ್ದವಳು ಪುತಳಾಬಾಯಿ. ಹಾಲು ಹೋದದ್ದು ಎರಡೇ ಹೊತ್ತು. ಮೂರನೆಯ ಹೊತ್ತಿಗೆ ಎಮ್ಮೆ ಬತ್ತಿತು ಎಂದರು, ಅಂಬಲಿ ಹೋಯಿತು. ಮನೆಯವರ ಚಹಕ್ಕೆ ಮಾತ್ರ ಆ ಎಮ್ಮೆ ಯಾವತ್ತೂ ಬತ್ತಲಿಲ್ಲ.

* * *

ದಂಡು ಬಂದು ನಿಜಾಮನ ರಾಜ್ಯ ಮುಗಿಯಿತು ಎಂದು ಡಂಗುರ ಹೊಡೆದ ಆ ಭಾದ್ರಪದದಲ್ಲಿ, ಪಕ್ಕದ ಮನೆಯ ನೂರಜಹಾನಳ ಗಂಡನನ್ನು ಯಾರೋ ಕರೆದುಕೊಂಡು ಹೋದರು. ಅವನು ಯಾವ ರಜಾಕಾರನೂ ಅಲ್ಲ, ಹಾಸಿಗೆಗೆ ಹತ್ತಿ ತುಂಬುವವನು. ಹೋದವನು ಮರಳಲಿಲ್ಲ. ಆಕೆ ಮಕ್ಕಳನ್ನು ಕಟ್ಟಿಕೊಂಡು, ಹೈದರಾಬಾದಿನ ತವರಿಗೆಂದು ಟಾಂಗಾ ಹತ್ತಿದಳು. ಹತ್ತುವಾಗ ಗೋಡೆಯಾಚೆ ನಿಂತಿದ್ದ ಮಾನಮ್ಮನನ್ನು ಕೂಗಿ, "ಅಕ್ಕಾ, ನಮ್ಮ ಬೆಕ್ಕು ಮರಿ ಹಾಕ್ಯದ, ಹತ್ತಿ ಚೀಲದಾಗ. ಸ್ವಲ್ಪ ನೋಡ್ರಿ," ಎಂದಳು. ಗಂಡ ಹೋದ, ಮನೆ ಹೋಯಿತು, ಹೊರಡುವಾಗ ಬಾಯಿಗೆ ಬಂದದ್ದು ಬೆಕ್ಕಿನ ಮಾತು.

ಟಾಂಗಾ ಓಣಿ ದಾಟಿತೋ ಇಲ್ಲವೋ, ಓಣಿಯ ಜನ ಆ ಮನೆಗೆ ನುಗ್ಗಿದರು. ಪರರಲ್ಲ, ಹಬ್ಬಕ್ಕೆ ಅವಳ ಕೈಯ ಶಾವಿಗೆ ತಿಂದವರೇ. ಒಬ್ಬರು ಮಂಚ ಹೊತ್ತರು, ಒಬ್ಬರು ಕಂದೀಲು ಹಿಡಿದರು. ಗುಂಡಮ್ಮ ಒಂದು ಕಲಾಯಿ ಮಾಡಿದ ತಾಮ್ರದ ಚೆಂಬು ತಂದಳು. ಅದರ ಕಂಠದಲ್ಲಿ ನೂರಜಹಾನಳ ಹೆಸರನ್ನು ಉರ್ದುವಿನಲ್ಲಿ ಕೊರೆದಿತ್ತು. ಹುಣಸೆಹಣ್ಣು ಹಚ್ಚಿ ಎಷ್ಟು ತಿಕ್ಕಿದರೂ ಅಕ್ಷರ ಹೋಗಲಿಲ್ಲ.

ಎಲ್ಲರೂ ಹೋದ ಮೇಲೆ ಮಾನಮ್ಮ ಒಳಗೆ ಹೋದಳು. ಗದ್ದಲಕ್ಕೆ ತಾಯಿಬೆಕ್ಕು ಓಡಿಹೋಗಿತ್ತು, ಅದು ಮತ್ತೆ ಕಾಣಲೇ ಇಲ್ಲ. ಹರಿದ ಹತ್ತಿ ಚೀಲದಲ್ಲಿ ಮೂರು ಮರಿಗಳು ಕಣ್ಣು ಮುಚ್ಚಿಕೊಂಡೇ ಮೊಲೆ ಹುಡುಕುತ್ತಿದ್ದವು. ಅವನ್ನು ಉಡಿಯಲ್ಲಿ ಹಾಕಿಕೊಂಡು ಬಂದಳು.

"ಮಂದಿ ಬಂಗಾರ ತಂದ್ರು, ಈಕಿ ಬೆಕ್ಕು ತಂದ್ಲು," ಎಂದು ಗುಂಡಮ್ಮ ನಕ್ಕಿದ್ದಳು.

* * *

"ಗುಂಡಮ್ಮಾ, ಅಕ್ಕನ್ನ ನೋಡಾಕ ಬಂದೀನಿ."

ಬಾಗಿಲಲ್ಲಿ ಚಾಂದಬಿ ನಿಂತಿದ್ದಳು. ಓಣಿಯ ತುದಿಯ ಮುದುಕಿ. ಮಗ ಶಫಿ ಆ ಗಲಾಟೆಯಲ್ಲಿ ಎಲ್ಲಿ ಹೋದನೋ, ಈಗ ಅವಳಿಗೆ ಇರುವುದು ಒಂದು ಆಡು. ಕೈಯಲ್ಲಿ ಸಣ್ಣ ಬಟ್ಟಲಿತ್ತು.

"ಅಲ್ಲಿಂದನೇ ನೋಡವ್ವ. ಒಳಗ ಜಾಗಿಲ್ಲ," ಎಂದಳು ಗುಂಡಮ್ಮ. ಜಾಗ ಬೇಕಾದಷ್ಟಿತ್ತು.

ಮುದುಕಿ ಅಲ್ಲಿಂದಲೇ ನೋಡಿದಳು. ತುಟಿ ಏನೋ ಪಿಟಿಪಿಟಿ ಎಂದಿತು. ಆಮೇಲೆ ಬಟ್ಟಲನ್ನು ಹೊಸ್ತಿಲ ಮೇಲಿಟ್ಟು, "ಬಚ್ಚೋಂಗೆ ದೂಧ್, ಮರಿಗೆ ಆಡಿನ ಹಾಲು. ದಿನಾ ಕೊಡ್ತಿದ್ದೆನಲ್ಲ," ಎಂದಳು.

ಪುತಳಾಬಾಯಿ ಎದ್ದು ಹೊಸ್ತಿಲತ್ತ ಎರಡು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಗುಂಡಮ್ಮ ಬಟ್ಟಲನ್ನು ಎತ್ತಿ ಗಟಾರಕ್ಕೆ ಚೆಲ್ಲಿ, ಖಾಲಿ ಬಟ್ಟಲನ್ನು ಮುದುಕಿಯ ಕೈಗಿಟ್ಟಳು.

"ಸೂತಕದ ಮನ್ಯಾಗ ಹೊರಗಿನ ಹಾಲು ತಗೋಬಾರದು. ತಪ್ಪು ತಿಳೀಬ್ಯಾಡ."

ಚಾಂದಬಿ ಗಟಾರವನ್ನು ನೋಡಿದಳು. "ಅಕ್ಕ ತನ್ನ ಪಾಲಿನ ರೊಟ್ಟಿ ನನಗ ಕೊಟ್ಟು ಈ ಹಾಲು ಒಯ್ತಿದ್ಲು," ಎಂದಳು. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಮುದುಕಿ ಗೋಡೆ ಹಿಡಿದು ಹಿಡಿದು ಹೋದಳು.

ಪುತಳಾಬಾಯಿ ಮಾತ್ರ ಕೇಳಿದಳು. ಜ್ವರದ ಮೈಯಲ್ಲಿ ಮಾನಮ್ಮ, ಹಸಿವಿಲ್ಲ ಹಸಿವಿಲ್ಲ ಎನ್ನುತ್ತ ರೊಟ್ಟಿಯನ್ನು ಸೆರಗಿಗೆ ಸೇರಿಸುತ್ತಿದ್ದದ್ದು ಯಾಕೆಂದು ಅವಳಿಗೆ ಆಗ ತಿಳಿಯಿತು.

* * *

ಮಾನಮ್ಮನಿಗೆ ಮರಿ ಸಾಕಲು ಬರುತ್ತಿರಲಿಲ್ಲ. ಹಡೆದವಳಲ್ಲ. ಆದರೆ ಮನೆಯ ಎಳೆಗೂಸುಗಳಿಗೆಲ್ಲ ಬಜೆ ತೇಯ್ದು ನೆಕ್ಕಿಸಿದವಳು, ಔಡಲೆಣ್ಣೆ ಕುಡಿಸಿದವಳು ಅವಳೇ. ಕೂಸಿಗೆ ಆಗುವುದು ಮರಿಗೂ ಆದೀತೆಂದು ಬಗೆದು, ತನ್ನ ಚಹದ ಪಾಲಿನ ಎಮ್ಮೆ ಹಾಲು ಹಾಕಿದಳು. ಮರಿಗಳ ಹೊಟ್ಟೆ ಉಬ್ಬಿದಾಗ ಬಜೆ ನೆಕ್ಕಿಸಿ, ಬೆರಳ ತುದಿಯಲ್ಲಿ ಔಡಲೆಣ್ಣೆ ಸವರಿದಳು. ಮೂರಕ್ಕೂ ಭೇದಿ ಹತ್ತಿತು. ಎಲ್ಲಕ್ಕಿಂತ ಸಣ್ಣದು ಅವಳ ಅಂಗೈಯಲ್ಲೇ ತಣ್ಣಗಾಯಿತು.

"ನನ್ನ ಕೈಯಾರ ಕೊಂದೆನಲ್ಲೇ, ಪುತಳಾ," ಎಂದು ಮಾನಮ್ಮ ಅಂದು ಅತ್ತಷ್ಟು ಯಾವತ್ತೂ ಅತ್ತಿರಲಿಲ್ಲ.

ಆಮೇಲೆ ಕಲಿತಳು. ಆಡಿನ ಹಾಲಿಗೆ ನೀರು ಬೆರೆಸಿ, ಬೆಚ್ಚಗೆ ಮಾಡಿ, ಹತ್ತಿಯ ಬತ್ತಿ ಅದ್ದಿ ಚೀಪಿಸುವುದು. ಕುಡಿದ ಮೇಲೆ ಒದ್ದೆ ಅರಿವೆಯಿಂದ ಹಿಂಭಾಗ ಸವರುವುದು. ನೂರಜಹಾನಳ ಬೆಕ್ಕು ಹಿಂದೊಮ್ಮೆ ಮರಿಗಳನ್ನು ಅಲ್ಲೇ ನೆಕ್ಕುತ್ತಿದ್ದದ್ದು ಅವಳಿಗೆ ನೆನಪಾಗಿತ್ತು, ಹಾಗೆ ಸವರಿದರೇ ಮರಿ ಉಚ್ಚೆ ಹೊಯ್ಯುತ್ತಿತ್ತು. ಉಳಿದೆರಡೂ ಮರಿಗಳು ಕಣ್ಣು ಬಿಟ್ಟವು. ಅಷ್ಟರಲ್ಲಿ ಅವಳಿಗೆ ಜ್ವರ ಹಿಡಿದಿತ್ತು.

ನಿನ್ನೆ ಸಂಜೆ ಮಾನಮ್ಮ ಪುತಳಾಬಾಯಿಯನ್ನು ಹತ್ತಿರ ಕರೆದು, ಮರಿಗಳನ್ನು ಅವಳ ಉಡಿಯಲ್ಲಿ ಹಾಕಿದಳು. ಬತ್ತಿಯನ್ನೂ ಕೊಟ್ಟಳು.

"ನೂರಜಹಾನ ಬರತಾಳ. ಬಂದು ಕೇಳಿದ್ರ ಕೊಡಾಕ ಬೇಕು. ಉಪಾಸ ಕೆಡವಬ್ಯಾಡ ನನ ಕಂದಾ."

"ಇಲ್ರಿ ಅತ್ತಿ. ಆಣಿ ಮಾಡ್ತೀನಿ," ಎಂದಿದ್ದಳು ಪುತಳಾಬಾಯಿ. ಆಣೆ ಮಾಡಿದ್ದು ಸಂಜೆ. ಮರುದಿನವೇ ಮರಿಗಳು ಕಲ್ಲಿನ ಕೆಳಗೆ.

* * *

ಹೆಣ ಎತ್ತುವ ಗದ್ದಲದಲ್ಲಿ ಪುತಳಾಬಾಯಿ ಗುಂಡುಕಲ್ಲನ್ನು ಸರಿಸಿದಳು. ಬೊಬ್ಬೆಯ ನಡುವೆ ಬುಟ್ಟಿ ಎತ್ತಿದ್ದು ಯಾರಿಗೂ ಕೇಳಿಸಲಿಲ್ಲ. ಎರಡನ್ನೂ ಉಡಿಯಲ್ಲಿ ಕಟ್ಟಿಕೊಂಡು ಹೆಂಗಸರ ಹಿಂದೆ ನಡೆದಳು. ದಾರಿಯುದ್ದಕ್ಕೂ ಕೈಯಾಡಿಸಿ ನೋಡಿದಳು. ಒಂದು ಮಿಸುಕುತ್ತಿತ್ತು. ಇನ್ನೊಂದು ಯಾಕೋ ಬರೀ ಭಾರವಾಗಿತ್ತು.

ಕೋಟನೂರ ದಾರಿಯ ಹೊಲದಲ್ಲಿ ಕುಣಿ ತೋಡಿದ್ದರು. ಮಣ್ಣು ಮುಚ್ಚಿದ ಮೇಲೆ ನಿಂಗಣ್ಣ ಬಾಳೆಹಣ್ಣುಗಳನ್ನು ಅಂದವಾಗಿ ಇಟ್ಟ. ಗುಂಡಮ್ಮ ಹಾಲಿನ ಚೆಂಬನ್ನು ಎತ್ತಿದಳು. ಕಲಾಯಿ ಹೊಳೆಯುವ ತಾಮ್ರದ ಚೆಂಬು. ಬೀಗರ ಎದುರಿಗೆ ಮನೆಯ ಒಳ್ಳೆಯ ಪಾತ್ರೆಯೇ ಬೇಕಿತ್ತು.

"ಕುಡಿ ಮಾನಕ್ಕಾ, ಹೊಟ್ಟಿತುಂಬ ಕುಡಿಯವ್ವಾ!" ಎಂದು ಅಳುತ್ತ ಸುರಿದಳು. ಆ ಅಳು ಸುಳ್ಳಲ್ಲ. ಕರಿಮಣ್ಣು ಹಾಲನ್ನು ಒಂದು ಕ್ಷಣ ಮೇಲಿಟ್ಟುಕೊಂಡು, ಆಮೇಲೆ ನುಂಗಿತು.

ಪುತಳಾಬಾಯಿ ಮುಂದೆ ಬಂದು ಅತ್ತೆಯ ಕೈಯಿಂದ ಚೆಂಬನ್ನು ತೆಗೆದುಕೊಂಡಳು. ಕಿತ್ತುಕೊಂಡಳು ಎಂದರೂ ಸರಿ. ತಳದಲ್ಲಿ ಇನ್ನೂ ಸ್ವಲ್ಪ ಹಾಲಿತ್ತು. ಅಲ್ಲೇ ಕುಳಿತು ಉಡಿ ಬಿಚ್ಚಿದಳು.

"ಏನ್ ಮಾಡಾಕತ್ತಿ? ಮಣ್ಣಿಗೆ ಬಿಡೋ ಹಾಲದು! ಚೆಂಬು ಎಂಜಲಾಗ್ತದ!"

"ಈ ಚೆಂಬು ಈ ಮರಿಗಳ ಮನೀದೇ ಅಲ್ಲೇನ್ರಿ, ಅತ್ತಿ?"

ಮಹಾದೇವಪ್ಪ ಹೊಲದ ಆಚೆ ಏನನ್ನೋ ನೋಡತೊಡಗಿದ. ಉರ್ದು ಶಾಲೆ ಕಲಿತ ನಿಂಗಣ್ಣ ಚೆಂಬಿನ ಕಂಠವನ್ನು ಓದಿದ. ಹೆಸರು ಅವನ ತುಟಿಯತನಕ ಬಂತು, ಹೊರಗೆ ಬರಲಿಲ್ಲ. ಬಗ್ಗಿ, ಸರಿಯಾಗಿಯೇ ಇದ್ದ ಬಾಳೆಹಣ್ಣುಗಳನ್ನು ಮತ್ತೆ ಸರಿಪಡಿಸಿದ.

ಎಮ್ಮೆ ಹಾಲು ಮರಿಗೆ ಆಗದೆಂದು ಪುತಳಾಬಾಯಿಗೆ ಗೊತ್ತಿತ್ತು. ಆಗುವ ಆಡಿನ ಹಾಲು ಗಟಾರ ಸೇರಿತ್ತು. ಬತ್ತಿ ಅದ್ದಿ ಮೊದಲು ಭಾರವಾಗಿದ್ದ ಮರಿಯ ಬಾಯಿಗಿಟ್ಟಳು. ಅದು ಚೀಪಲಿಲ್ಲ. ಬತ್ತಿಯನ್ನು ಒತ್ತಿದಳು. ಹಾಲು ಬಾಯೊಳಗೆ ಹೋಗಿ, ಇನ್ನೊಂದು ಕಡೆಯಿಂದ ಜಾರಿ, ಅವಳ ಅಂಗೈಯ ಗುಳಿಯಲ್ಲಿ ನಿಂತಿತು.

ಉಡಿಯೊಳಗಿನಿಂದ ಇನ್ನೊಂದು ಮರಿ ತೆವಳಿಕೊಂಡು ಬಂತು. ಈತನಕ ಬತ್ತಿ ಚೀಪುವುದೊಂದೇ ಅದಕ್ಕೆ ಗೊತ್ತಿದ್ದದ್ದು. ಮೂತಿ ಮುಂದೆ ಮಾಡಿ, ತಣ್ಣಗೆ ಮಲಗಿದ್ದ ಒಡಹುಟ್ಟಿದ ಮರಿಯನ್ನು ಮೂಸಿತು. ಆಮೇಲೆ ಅದರ ಬಾಯಿಂದ ಜಾರಿದ್ದ ಹಾಲಿಗೆ ಮೊದಲ ಸಲ ನಾಲಿಗೆ ಚಾಚಿ ನೆಕ್ಕತೊಡಗಿತು.