ತೊಂಬತ್ತೆರಡು ಕೊಡದ ಮಳೆ

ತಿಮ್ಮರಾಜು ಹಿತ್ತಲಲ್ಲಿ ನಾಲ್ಕು ಗೂಟ ಹೊಡೆದು, ಸುತ್ತ ಹುರಿ ಎಳೆದು ಕಟ್ಟಿ, ಸೊಂಟದ ಮೇಲೆ ಕೈಯಿಟ್ಟು ನಿಂತಾಗ ಅವನ ಹೆಂಡತಿ ಚಿಕ್ಕಬೋರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹುರಿಯ ಒಳಗೆ ಬಟ್ಟೆ ಒಗೆಯುವ ಕಲ್ಲು ಸೇರಿಕೊಂಡಿತ್ತು, ನುಗ್ಗೆ ಮರ ಸೇರಿಕೊಂಡಿತ್ತು, ಅರ್ಧ ಹುಲ್ಲಿನ ಮೆದೆಯೂ ಸೇರಿಕೊಂಡಿತ್ತು. ನಡುವೆ ಕಟ್ಟಿದ್ದ ಕರು ಮಾತ್ರ ಏನೂ ಆಗಿಲ್ಲವೆಂಬಂತೆ ಮೆಲುಕು ಹಾಕುತ್ತಿತ್ತು.

"ಹದಿನೈದಕ್ಕೆ ಹದಿನೈದು. ಹತ್ತಡಿ ಆಳ. ಎಂಗೈತೆ?" ಎಂದ ತಿಮ್ಮರಾಜು.

ಹಿತ್ತಲ ಜಗಲಿಯಿಂದ ಅವನ ತಾಯಿ ಮೂಗಮ್ಮ ಕತ್ತು ಚಾಚಿ ನೋಡಿದರು. ಬಾಯಲ್ಲಿ ಹಲ್ಲಿರಲಿಲ್ಲ, ಮಾತಿಗೆ ಮಾತ್ರ ಬರವಿರಲಿಲ್ಲ. "ಲೇ ತಿಮ್ಮ, ಕನ್ನಂಬಾಡಿ ಕಟ್ತಿದ್ದೀಯೇನ್ಲಾ? ಅಂಗೇ ಪಕ್ಕದಾಗೆ ಒಂದು ಬೃಂದಾವನಾನೂ ಮಾಡ್ಬುಡು. ನಾನು ಬಾಗ್ಲಲ್ಲಿ ಕುಂತು ಟಿಕೀಟು ಅರೀತೀನಿ."

ತೊಂಬತ್ತೈದರ ಮೇ ತಿಂಗಳು ಅದು. ಬಿಂಡಿಗನವಿಲೆಯ ಆ ಬೀದಿಯಲ್ಲಿ ಬೋರ್‌ವೆಲ್ ನೀರಿಗೆ ಕೊರತೆಯಿರಲಿಲ್ಲ; ಆದರೆ ಅದು ಸವಳು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ತಲೆಗೆ ಹಾಕಿಕೊಂಡರೆ ಕೂದಲು ತೆಂಗಿನ ನಾರಾಗುತ್ತಿತ್ತು. ಯುಗಾದಿಗೆ ಅಕ್ಕಿಹೆಬ್ಬಾಳಿನಿಂದ ಬಂದಿದ್ದ ಚಿಕ್ಕಬೋರಮ್ಮನ ಅಣ್ಣ ಮರಿಯಯ್ಯ ಸಿಹಿನೀರು ಸಾಲದೆ ಸವಳಲ್ಲೇ ಬೇಯಿಸಿದ ಒಬ್ಬಟ್ಟಿನ ಸಾರು ಸುರಿದುಕೊಂಡು, "ಭಾವ, ಬರೋ ವರ್ಸ ನಾನೇ ಹೇಮಾವತಿ ನೀರ ಒಂದು ಕ್ಯಾನು ತಂದ್ಬುಡ್ತೀನಿ, ನಿಮ್ಮೂರಿನ ಬೇಳೆ ಕಲ್ಲು ಕಣ್ರೀ" ಎಂದು ನಗಾಡಿ ಹೋಗಿದ್ದ. ಅಂದಿನಿಂದ ತಿಮ್ಮರಾಜುವಿಗೆ ನಿದ್ದೆಯಲ್ಲೂ ತೊಟ್ಟಿಯದೇ ಕನಸು. ಹೋದ ವರ್ಷ ಹಾಕಿಸಿದ ಹೊಸ ತಾರಸಿಯ ಮಳೆನೀರನ್ನೆಲ್ಲ ನೆಲದೊಳಗೆ ಹಿಡಿದಿಡಬೇಕು, ಭಾವಮೈದನನ್ನು ಕರೆದು ಮುಚ್ಚಳ ತೆಗೆದು ತೋರಿಸಬೇಕು!

ಚಿಕ್ಕಬೋರಮ್ಮನಿಗೂ ತೊಟ್ಟಿ ಬೇಕಿತ್ತು, ಗಂಡನಿಗಿಂತ ಹೆಚ್ಚು ಬೇಕಿತ್ತು. ಅವಳ ಕಾರಣ ಬೇರೆ. ಹತ್ತೊಂಬತ್ತು ವರ್ಷದಿಂದ ಅವಳ ಅಡುಗೆಮನೆಗೆ ದಿನಕ್ಕೆ ನಾಲ್ಕು ಕೊಡ ಸಿಹಿನೀರು ಬರುತ್ತಿದ್ದದ್ದು ಪಕ್ಕದ ಮನೆಯ ಮಾದಮ್ಮನ ಬಾವಿಯಿಂದ. ಮಾದಮ್ಮ ಒಂದು ದಿನವೂ ಮುಖ ಗಂಟಿಕ್ಕಿದವರಲ್ಲ. "ಬಾ ಬೋರವ್ವ, ನೀರೇನು ನಮ್ಮಪ್ಪನ ಮನೇದಾ?" ಎಂದು ತಾವೇ ಹಗ್ಗ ಇಳಿಬಿಡುತ್ತಿದ್ದರು. ಆದರೆ ಹೋದ ತಿಂಗಳು ಒಂದು ಬೆಳಿಗ್ಗೆ, ಮರೆತುಬಂದ ಕೊಡದಡಿಯ ಸಿಂಬಿ ತರಲು ಹಿಂತಿರುಗಿದಾಗ ಅವಳು ನೋಡಿದ್ದೇನು? ತನಗೆ ಮೇಲಿನ ತಿಳಿನೀರು ಕೊಟ್ಟು ಕಳಿಸಿ, ಮಾದಮ್ಮ ಬಾವಿಯ ತಳದ ಬಗ್ಗಡವನ್ನು ಹಳೇ ಸೀರೆಯ ತುಂಡಿನಲ್ಲಿ ಸೋಸಿ ತಮ್ಮ ಮನೆಗೆ ತುಂಬಿಕೊಳ್ಳುತ್ತಿದ್ದರು. ಇವಳು ಸದ್ದು ಮಾಡದೆ ವಾಪಸ್ಸು ಬಂದಿದ್ದಳು. ಬರುವ ಬೇಸಿಗೆಯಲ್ಲಿ ಮಾದಕ್ಕನ ಬಾವಿಗೆ ಕೊಡ ಇಳಿಸಬಾರದು ಎಂದು ಅವತ್ತೇ ಗಟ್ಟಿಮಾಡಿಕೊಂಡಿದ್ದಳು.

ಅದಕ್ಕೇ ಆ ಹುರಿ ನೋಡಿದವಳೇ ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಾರಸಿ ಹಾಕಿಸಿ ಉಳಿದಿದ್ದ ಸಿಮೆಂಟು ಕೊಟ್ಟಿಗೆಯಲ್ಲಿತ್ತು, ಮಳೆಗಾಲ ಹಿಡಿದರೆ ಅದೂ ಗಟ್ಟಿಯಾಗಿ ಕೈಬಿಡುತ್ತಿತ್ತು. ಗಾರೆ ಸೋಮಯ್ಯ ಇನ್ನು ಹದಿನೈದು ದಿನಕ್ಕೆ ಚುಂಚನಗಿರಿಯ ಕಡೆ ದೊಡ್ಡ ಕೆಲಸಕ್ಕೆ ಹೊರಡುವವನು. ಈ ಅಳತೆಗೆ ಗುಂಡಿ ತೋಡುವಷ್ಟರಲ್ಲಿ ಹದಿನೈದು ದಿನ ಮುಗಿಯುತ್ತದೆ, ತಳ ಹಾಕುವಷ್ಟರಲ್ಲಿ ಸಿಮೆಂಟು ಮುಗಿಯುತ್ತದೆ. ಆಮೇಲೆ ಹಿತ್ತಲಲ್ಲಿ ಗುಂಡಿ, ಮಾದಕ್ಕನ ಮನೆಯಲ್ಲಿ ಬಗ್ಗಡ.

"ಇಕಾ ಇಲ್ನೋಡಿ, ಈ ಹದಿನೈದು ಎಲ್ಲಿಂದ ಬಂತು?" ಎಂದು ಕೇಳಿದಳು.

"ಆಚಾರ್ರು ಕೊಟ್ರು."

ಮರಗೆಲಸದ ಸುಬ್ರಹ್ಮಣ್ಯಾಚಾರ್ರು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು ಮುಂದೆ ಬಂದರು. ಆ ಬೀದಿಯ ಅರ್ಧ ಮನೆಗಳ ಬಾಗಿಲು ಅವರ ಕೈಯದು; ಯಾರು ಮನೆ ಕಟ್ಟಿಸಿದರೂ ಮೊದಲು ಆಯ ಕೇಳುವುದು ಅವರನ್ನೇ. ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವುದೇ ಆಯ. ಒಂದು ಉಳಿದರೆ ಧ್ವಜ, ಮೂರು ಸಿಂಹ, ಐದು ವೃಷಭ, ಏಳು ಗಜ, ಇವೆಲ್ಲ ಒಳ್ಳೆಯವು. ಎರಡೋ ನಾಲ್ಕೋ ಆರೋ ಉಳಿದರೆ ಹೊಗೆ, ನಾಯಿ, ಕತ್ತೆ. ಏನೂ ಉಳಿಯದಿದ್ದರೆ ಕಾಗೆ.

"ಹದಿನೈದ ಹದಿನೈದ್ಲಿ ಇನ್ನೂರ ಇಪ್ಪತ್ತೈದು. ಎಂಟರಿಂದ ಭಾಗಿಸಿ, ಒಂದು ಉಳೀತದೆ. ಧ್ವಜಾಯ! ಮನೆತನದ ಬಾವುಟ ಹಾರ್ತದೆ ಕಣಮ್ಮ" ಎಂದರು ಆಚಾರ್ರು.

"ಬಾವುಟ ಹಾರ್ಲಿ ಆಚಾರ್ರೆ. ಅದ್ರೊಳಗೆ ನೀರು ತುಂಬ್ತದಾ?"

ಆಚಾರ್ರು ತಿಮ್ಮರಾಜುವಿನ ಮುಖ ನೋಡಿದರು. ತಿಮ್ಮರಾಜು ಆಚಾರ್ರ ಮುಖ ನೋಡಿದ. ಮೂರು ದಿನದಿಂದ ಇಬ್ಬರೂ ಕೂತು ಲೆಕ್ಕ ಹಾಕಿದ್ದರು, ಆಯ ನೋಡಿದ್ದರು, ಮೂಲೆ ನೋಡಿದ್ದರು, ದಿಕ್ಕು ನೋಡಿದ್ದರು. ಮೇಲೆ ಆಕಾಶ ಒಂದನ್ನು ನೋಡಿರಲಿಲ್ಲ.

"ತುಂಬ್ದೆ ಏನು? ಮಳೆ ಬಂದ್ರೆ ತುಂಬ್ತದೆ" ಎಂದ ತಿಮ್ಮರಾಜು, ಸ್ವಲ್ಪ ಜೋರಾಗಿಯೇ.

ಚಿಕ್ಕಬೋರಮ್ಮ ಕೊಟ್ಟಿಗೆಗೆ ಹೋದಳು. ಸೋಮಯ್ಯ ಮರಳು ಅಳೆಯಲು ಇಟ್ಟುಕೊಂಡಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಎಳೆದು ತಂದಳು. ಅದು ಉದ್ದ, ಅಗಲ, ಎತ್ತರ ಎಲ್ಲದರಲ್ಲೂ ಸರಿಯಾಗಿ ಒಂದಡಿ. ಅದಕ್ಕೆ ದಿನಾ ನೀರು ತರುವ ಕೊಡದಲ್ಲಿ ನೀರು ಸುರಿದಳು. ಒಂದು ಕೊಡಕ್ಕೆ ಅರ್ಧ ಆಯಿತು, ಎರಡನೆಯದಕ್ಕೆ ಅಂಚು ಮುಟ್ಟಿತು. ಸೋಮಯ್ಯ ಬೀಡಿ ಬಿಸಾಕಿ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ.

"ಅಡಿಗೆ ಎರಡು ಕೊಡ. ಅಂಗಾರೆ ಅವ್ವಾರೆ, ಗೌಡ್ರ ತೊಟ್ಟಿಗೆ..." ಎಂದು ಬೆರಳು ಮಡಿಸುತ್ತ ಹೋದವನು ಬೆರಳು ಸಾಲದೆ ನಿಲ್ಲಿಸಿದ.

"ನಾಲ್ಕು ಸಾವಿರದ ಐನೂರು ಕೊಡ" ಎಂದಳು ಚಿಕ್ಕಬೋರಮ್ಮ.

"ಸಿವನೇ! ಊರಿನ ಎಮ್ಮೆನೆಲ್ಲ ಈಜಾಕೆ ಬುಡ್‌ಬೋದು!" ಎಂದರು ಮೂಗಮ್ಮ.

ಮುಂದಿನ ಮಾತಿಗೆ ಅವಕಾಶವಾಗಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಪಡುವಲಿಂದ ಕಪ್ಪಗೆ ಎದ್ದ ಮೋಡದ ಜೊತೆ ಬಂದ ಗಾಳಿ ಹುಲ್ಲಿನ ಮೆದೆಯ ಮೇಲಿನ ಧೂಳನ್ನೆಲ್ಲ ಎಬ್ಬಿಸಿತು. ಕರು ಅಂಬಾ ಎಂದಿತು. ಕೃತ್ತಿಕೆ ಮಳೆಯ ದಪ್ಪ ದಪ್ಪ ಹನಿ ಪಟಪಟನೆ ಬಿದ್ದವು. ತಾರಸಿಯ ನೀರೆಲ್ಲ ಒಂದೇ ಮೂಲೆಗೆ ಹರಿದು ಒಂದೇ ಪೈಪಿನಲ್ಲಿ ಬೀಳುವ ಹಾಗೆ ಸೋಮಯ್ಯನೇ ಹೋದ ವರ್ಷ ಇಳಿಜಾರು ಕೊಟ್ಟಿದ್ದ. ಆ ಪೈಪು ಮೊದಲು ಕೆಮ್ಮಿತು, ಆಮೇಲೆ ಒಣಗಿದ ಎಲೆ, ಒಂದು ಹಕ್ಕಿಗೂಡು ಉಗುಳಿತು, ಆಮೇಲೆ ಭೋರೆಂದು ಸುರಿಯಲಾರಂಭಿಸಿತು.

"ಕೊಡ ತತ್ತಾ! ಇವತ್ತು ಅಳೆದೇ ಬುಡಾನ!" ಎಂದು ಕೂಗಿ ಚಿಕ್ಕಬೋರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಳೆಗೆ ಜಿಗಿದಳು.

ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವಳು ಹಾಗೆ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ತಿಮ್ಮರಾಜು ಬೆಪ್ಪಾಗಿ ನಿಂತು, ನಂತರ ಪಂಚೆ ಎತ್ತಿಕಟ್ಟಿ ಅವಳ ಹಿಂದೆಯೇ ಓಡಿದ. ಒಂದು ಕೊಡ ತುಂಬಿ ಸರಿಸುವಷ್ಟರಲ್ಲಿ ಇನ್ನೊಂದು ತುಂಬುತ್ತಿತ್ತು. ಮೊದಲ ನೀರು ಕಸಕಡ್ಡಿಯದು, ದನದ ಬಾನಿಗೆ ಹೋಯಿತು. ಬಾನಿ ತುಂಬಿತು, ಬಚ್ಚಲ ಹಂಡೆ ತುಂಬಿತು, ರಾಗಿ ಡ್ರಮ್ಮು ಖಾಲಿ ಮಾಡಿ ಅದನ್ನೂ ತುಂಬಿದರು. ಸದ್ದು ಕೇಳಿ ಮಾದಮ್ಮ ತಲೆಗೆ ಗೊಬ್ಬರದ ಚೀಲ ಕೊಪ್ಪೆ ಹಾಕಿಕೊಂಡು ಬಂದರು. ಏನು ಎತ್ತ ಎಂದು ಕೇಳಲಿಲ್ಲ. ಎರಡು ಕೊಡ ಎತ್ತಿಕೊಂಡು ಸಾಲಿಗೆ ನಿಂತರು.

"ಎಷ್ಟಾಯ್ತು?" ಎಂದು ಕೂಗಿದ ಸೋಮಯ್ಯ.

"ಮೂವತ್ತೊಂದು!" ಎಂದ ತಿಮ್ಮರಾಜು.

"ಇಪ್ಪತ್ತೊಂಬತ್ತು!" ಎಂದರು ಆಚಾರ್ರು. ಲೆಕ್ಕ ತಪ್ಪಿದರೆ ಅವರಿಗೆ ಮೈ ಉರಿಯುತ್ತಿತ್ತು. "ಎಲ್ಡು ಕೊಡ ನೀವು ಕಾಲು ಜಾರಿ ಬಿದ್ದಾಗ ಚೆಲ್ಲೋದ್ವು, ಅವ್ನೂ ಎಣಿಸ್ತೀರಲ್ಲ!"

"ಆಕಾಸದಿಂದ ಬಿದ್ದದ್ದು ಬಿದ್ದದ್ದೇ ಕಣ್ರೀ, ನಾನು ಬಿದ್ರೇನು ಬುಟ್ರೇನು!"

"ಇಬ್ರೂ ಬಾಯ್ಮುಚ್ರಲಾ" ಎಂದರು ಜಗಲಿಯಿಂದ ಮೂಗಮ್ಮ. ಅವರು ಮೊದಲ ಕೊಡದಿಂದಲೂ ಒಂದೊಂದಕ್ಕೆ ಒಂದು ಹುಣಸೆ ಬೀಜ ಮೊರಕ್ಕೆ ಹಾಕುತ್ತ ಕೂತಿದ್ದರು. "ಮೂವತ್ತೊಂದು ಬೀಜ ಐತೆ. ಆಚಾರಿ, ನೀನು ಮರ ಕುಯ್ಯಿ, ಸಾಕು."

ಆಚಾರ್ರೂ ನಕ್ಕುಬಿಟ್ಟರು. ಸೋಮಯ್ಯನಿಗೆ ನಗು ತಡೆಯಲಾಗದೆ ತುಂಬಿದ ಕೊಡ ಆಚಾರ್ರ ಕಾಲ ಮೇಲೆಯೇ ಮಗುಚಿಕೊಂಡಿತು. ಅಲ್ಲಿಂದ ಮುಂದೆ ಯಾರು ಯಾಕೆ ನಗುತ್ತಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಬಾನಿ, ಹಂಡೆ, ಡ್ರಮ್ಮು ಎಲ್ಲ ತುಂಬಿದ ಮೇಲೆ ಬೇಲಿಯ ಆಚೆ ಮಾದಮ್ಮನ ಮನೆಯ ಪಾತ್ರೆಗಳಿಗೆ ಸಾಲು ಬೆಳೆಯಿತು. ಮುಕ್ಕಾಲು ಗಂಟೆಗೆ ಪೈಪಿನ ಧಾರೆ ತೆಳ್ಳಗಾಗಿ, ಹನಿಯಾಗಿ, ನಿಂತಿತು.

ಮೂಗಮ್ಮ ಬೀಜ ಎಣಿಸಿದರು. ಆಚಾರ್ರು ಮತ್ತೊಮ್ಮೆ ಎಣಿಸಿದರು. ತೊಂಬತ್ತೆರಡು.

ಚಿಕ್ಕಬೋರಮ್ಮ ಸೀರೆಯ ನೀರು ಹಿಂಡುತ್ತ ಕೇಳಿದಳು: "ಈಗೇಳಿ. ನಾಲ್ಕು ಸಾವಿರದ ಐನೂರು ತುಂಬ್ಬೇಕಾದ್ರೆ ಇಂತಾ ಮಳೆ ಎಷ್ಟು ಬೇಕು?"

ಆಚಾರ್ರು ಒದ್ದೆ ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಗೀಚಿದರು. "ನಲವತ್ತೊಂಬತ್ತು."

"ನಮ್ಮೂರಿಗೆ ವರ್ಸಕ್ಕೆ ಎಷ್ಟು ಬರ್ತದೆ?"

ತಿಮ್ಮರಾಜು ಹೊಲ ಉತ್ತು ಬೆಳೆದವನು. ಮಳೆಯ ವಿಷಯದಲ್ಲಿ ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಇಂತಾ ಜಬರ್ದಸ್ತು ಮಳೆ... ಇಪ್ಪತ್ತು. ದೇವ್ರು ಒಳ್ಳೇನಾದ್ರೆ ಇಪ್ಪತ್ತೈದು" ಎಂದು ತಲೆ ಕೆರೆದುಕೊಂಡ.

"ನಂಗೆ ಬ್ಯಾಸಿಗೆ ನಾಲ್ಕೂವರೆ ತಿಂಗ್ಳು ದಾಟ್ಬೇಕು, ಅಷ್ಟೇಯ. ದಿನಕ್ಕೆ ನಾಲ್ಕು ಕೊಡ. ಐನೂರ ನಲವತ್ತು. ಹೆಚ್ಚುಕಮ್ಮಿಗೆ ಇನ್ನೊಂದು ನೂರು ಇರ್ಲಿ. ಏಳು ಮಳೆಗೆ ತುಂಬ್ತದೆ. ಎಂಟಕ್ಕೆ ಎಂಟು, ಐದಡಿ ಆಳ ಸಾಕು. ಸೋಮಯ್ಯ, ಸಿಮೆಂಟು ಸಾಲ್ತದಾ?"

"ಮುಚ್ಚಳಕ್ಕೂ ಸಾಲ್ತದೆ ಅವ್ವಾರೆ. ಹನ್ನೆಲ್ಡು ದಿನದಾಗೆ ಮುಗಿಸ್ಕೊಡ್ತೀನಿ."

ಎಲ್ಲ ಆಯಿತು ಎನ್ನುವಷ್ಟರಲ್ಲಿ ಆಚಾರ್ರ ಮುಖ ಸಪ್ಪಗಾಯಿತು. "ಎಂಟ ಎಂಟ್ಲಿ ಅರವತ್ತನಾಲ್ಕು. ಏನೂ ಉಳಿಯಲ್ಲ. ಕಾಕಾಯ ಕಣಮ್ಮ. ಕಾಗೆ. ನಾನು ಬದುಕಿರೋಗಂಟ ಈ ಮನೇಗೆ ಕಾಗೆ ಅಳತೆ ಕೊಡಲ್ಲ."

ತಿಮ್ಮರಾಜುವಿಗೆ ಜೀವ ಬಂತು. "ಅದಕ್ಕೇ ಯೋಳಿದ್ದು, ಹದಿನೈದು..."

ಚಿಕ್ಕಬೋರಮ್ಮ ಆಚಾರ್ರನ್ನು ನೋಡಿದಳು. ಅರವತ್ತು ದಾಟಿದ ಮನುಷ್ಯ ಮೈಯೆಲ್ಲ ನೆನೆದು ನಡುಗುತ್ತಿದ್ದರು. ಹಾಗೆ ನಡುಗುತ್ತಲೇ ಇವಳ ಮನೆಗೆ ಕೇಡಾಗದಿರಲೆಂದು ಹಠ ಹಿಡಿದಿದ್ದರು. ಅಂಥವರ ಮಾತನ್ನು ಮುರಿಯಲು ಅವಳಿಗೆ ಮನಸ್ಸಾಗಲಿಲ್ಲ. ಒಣ ಟವೆಲು ತಂದು ಅವರ ಹೆಗಲಿಗೆ ಹಾಕಿದಳು, ಮೊರ ಮುಂದಕ್ಕೆ ಎಳೆದುಕೊಂಡು ಬೀಜಗಳನ್ನು ಸಾಲು ಸಾಲಾಗಿ ಜೋಡಿಸತೊಡಗಿದಳು. ಎಂಟರ ಎಂಟು ಸಾಲು. ಒಂದು ಸಾಲು ತೆಗೆದು ಉಳಿದ ಸಾಲುಗಳ ಕೊನೆಗೆ ಒಂದೊಂದು ಸೇರಿಸಿದಳು. ಕೈಯಲ್ಲಿ ಒಂದೇ ಬೀಜ ಮಿಕ್ಕಿತು.

"ಆಚಾರ್ರೆ, ಒಂಬತ್ತಡಿ ಉದ್ದ, ಏಳಡಿ ಅಗಲ ಮಾಡಿದ್ರೆ? ನೀರು ಎಲ್ಲೋ ಹತ್ತು ಕೊಡ ಕಮ್ಮಿ."

ಆಚಾರ್ರು ಗೋಡೆ ಕಡೆ ತಿರುಗಿದರು. ಎಲ್ಲರೂ ಅವರ ಬೆನ್ನ ಹಿಂದೆ ಬಂದು ಇಣುಕಿದರು. ಪೆನ್ಸಿಲು ಒಂದು ಸಲ ಓಡಿ ನಿಂತಿತು.

"ಅರವತ್ಮೂರು. ಎಂಟ ಏಳ್ಲಿ ಐವತ್ತಾರು. ಉಳಿದದ್ದು ಏಳು..." ಅವರು ತಿರುಗಿದಾಗ ಮುಖ ಬೆಳ್ಳಗೆ ಬೆಳಗುತ್ತಿತ್ತು. "ಗಜಾಯ! ಗೌಡ್ರೆ, ಆನೆ! ಸಾಕ್ಸಾತ್ ಆನೆ!"

"ಆನೆಯಾ?" ಎಂದ ತಿಮ್ಮರಾಜು. ಒಂದು ಕ್ಷಣ ಯೋಚಿಸಿದ. ಬಾವುಟಕ್ಕಿಂತ ಆನೆ ಎಷ್ಟು ಪಾಲು ದೊಡ್ಡದು! ಕುಣಿಯುವ ಹೆಜ್ಜೆಯಲ್ಲಿ ಹೋಗಿ ತಾನೇ ಗೂಟಗಳನ್ನು ಕಿತ್ತ. ಸೋಮಯ್ಯ ಟೇಪು ಹಿಡಿದ. ಹೊಸ ಹುರಿಯ ಒಳಗೆ ಕೆಸರು ಬಿಟ್ಟರೆ ಏನೂ ಇರಲಿಲ್ಲ. ನುಗ್ಗೆ ಮರ, ಒಗೆಯುವ ಕಲ್ಲು, ಮೆದೆ ಎಲ್ಲ ಹೊರಗೆ ಉಳಿದವು.

ಮಾದಮ್ಮ ಮಾತ್ರ ಚೀಲದ ಕೊಪ್ಪೆ ಕೈಯಲ್ಲಿ ಹಿಡಿದು ಬೇಲಿಯ ಆಚೆ ನಿಂತಿದ್ದರು. ಚಿಕ್ಕಬೋರಮ್ಮ ಹತ್ತಿರ ಹೋದಳು.

"ಅಂಗಾರೆ ಬರೋ ಬ್ಯಾಸಿಗೇಲಿ ನೀನು ನಮ್ಮನೇಗೆ ಬರಾಕಿಲ್ವೇನವ್ವ?" ಎಂದರು ಮಾದಮ್ಮ. ನಗುತ್ತಲೇ ಕೇಳಿದರು, ಆದರೆ ಕಣ್ಣು ಬೇರೆ ಕಡೆ ಇತ್ತು.

ಹತ್ತೊಂಬತ್ತು ವರ್ಷ ಬೆಳಿಗ್ಗೆ ಎದ್ದು ಬಾವಿಕಟ್ಟೆಯ ಮೇಲೆ ಇಬ್ಬರೂ ಆಡಿದ ಮಾತುಗಳನ್ನು ಚಿಕ್ಕಬೋರಮ್ಮ ಯಾವ ಲೆಕ್ಕಕ್ಕೂ ಸೇರಿಸಿರಲಿಲ್ಲ. ಅವಳು ಬೇಲಿಯ ಮೇಲಿಂದ ಕೈ ಚಾಚಿ ಮಾದಮ್ಮನ ಒದ್ದೆ ಕೈ ಹಿಡಿದುಕೊಂಡಳು.

"ಬರ್ತೀನಿ ಮಾದಕ್ಕ. ಕೊಡ ಇಲ್ದೆ ಬರ್ತೀನಿ. ಕೊಡ ಇಲ್ದಿದ್ರೆ ಎದ್ದು ಓಡೋ ಅವಸರಾನೇ ಇರಾಕಿಲ್ವಲ್ಲ!"

ಮಾದಮ್ಮನಿಗೆ ನಗು ಒತ್ತರಿಸಿ ಬಂತು. "ಅಂಗಾರೆ ಈಗ್ಲೇ ಬಾ, ಕಾಪಿ ಕಾಯ್ಸಾನ" ಎಂದು ಅವಳನ್ನು ಬೇಲಿಯ ಸಂದಿಯಿಂದಲೇ ಎಳೆದುಕೊಂಡರು.